ಘನತೆಯ ಸಾವು ಐಸಿಯುಗಷ್ಟೇ ಸಾಕೆ?

2025ರ ಜನವರಿ ಕೊನೆಯಲ್ಲಿ ರಾಜ್ಯ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆಯನ್ನು, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ನನ್ನಂಥ ವೈದ್ಯರು ಮನಸಾರೆ ಸ್ವಾಗತಿಸಿದೆವು. ಗುಣವಾಗುವ ಭರವಸೆಯೇ ಇಲ್ಲದವರಿಗೆ ವೆಂಟಿಲೇಟರ್‌ನಂಥ ಚಿಕಿತ್ಸೆಯನ್ನು ಯಾವಾಗ, ಹೇಗೆ ನಿಲ್ಲಿಸಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ವಿಧಿಸಿ 2023ರಲ್ಲಿ ಸರಳಗೊಳಿಸಿದ ಕ್ರಮವನ್ನು ಅದು ಜಾರಿಗೆ ತಂದಿತು. ಎರಡು ಹಂತದ ವೈದ್ಯರ ಮಂಡಳಿ, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ, ಎಲ್ಲವೂ ಅದರಲ್ಲಿದೆ. ಆದರೆ ನಮ್ಮ ಜನರಲ್ಲಿ ಹೆಚ್ಚಿನವರು ಸಾಯುವುದು ವೆಂಟಿಲೇಟರ್ ಮೇಲಲ್ಲ. ಬಾಯಿ ಕ್ಯಾನ್ಸರ್ ಹರಡಿದ ಕೂಲಿಕಾರ, ಶ್ವಾಸಕೋಶ ಸವೆದುಹೋದ ಕಲ್ಲುಕ್ವಾರಿ ಕಾರ್ಮಿಕ, ಹೃದಯ ಸೋತ ಅಜ್ಜಿ, ಇವರೆಲ್ಲ ‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಎನ್ನಿಸಿಕೊಂಡು ನಡುಮನೆಯ ಚಾಪೆಗೆ ಮರಳುತ್ತಾರೆ. ಸುತ್ತೋಲೆ ಆ ಚಾಪೆಯವರೆಗೆ ಬರುವುದಿಲ್ಲ. ಯಂತ್ರ ಕಳಚುವ ಹಕ್ಕಿನ ಜೊತೆಗೆ ನೋವು ಕಳೆಯುವ ಏರ್ಪಾಡೂ ಪ್ರತಿ ತಾಲ್ಲೂಕಿಗೆ ಸಿಗಬೇಕು. ಇಲ್ಲದಿದ್ದರೆ ‘ಘನತೆಯ ಸಾವು’ ದೊಡ್ಡಾಸ್ಪತ್ರೆ ಸೇರಿದವರಿಗಷ್ಟೇ ದಕ್ಕುವ ಸೌಲಭ್ಯವಾಗುತ್ತದೆ.

‘ಇನ್ನೇನೂ ಮಾಡೋಕಾಗಲ್ಲ’ ಎಂಬುದು ವೈದ್ಯಕೀಯವಾಗಿಯೂ ತಪ್ಪು. ಗುಣಪಡಿಸಲಾಗದು ಎಂದಾದ ಮೇಲೂ ಮಾಡುವುದು ಬಹಳ ಉಳಿದಿರುತ್ತದೆ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ನೋವು ತಲೆಯೆತ್ತುವ ಮೊದಲೇ ಕೊಡಬೇಕು. ಅದರಿಂದ ಮಲಬದ್ಧತೆ ಬರುವುದು ಖಚಿತವಾದ್ದರಿಂದ ಅದಕ್ಕೂ ಮೊದಲ ದಿನದಿಂದಲೇ ಔಷಧಿ ಬೇಕು. ಒಣಗಿದ ಬಾಯಿಯನ್ನು ಒದ್ದೆ ಹತ್ತಿಯಿಂದ ಮತ್ತೆ ಮತ್ತೆ ಒರೆಸಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೊನೆಯ ದಿನಗಳಲ್ಲಿ ಊಟ ನಿಂತಾಗ ಮನೆಯವರು ‘ಒಂದು ಬಾಟ್ಲಿ ಗ್ಲೂಕೋಸ್ ಆದ್ರೂ ಹಾಕಿ ಡಾಕ್ಟ್ರೇ’ ಎಂದು ಅಂಗಲಾಚುತ್ತಾರೆ. ಹಸಿವಿನಿಂದ ಯಾರನ್ನೂ ಕಳಿಸಬಾರದೆಂಬ ಆ ಪ್ರೀತಿ ಅರ್ಥವಾಗುವಂಥದ್ದೇ. ಆದರೆ ಸೋಲುತ್ತಿರುವ ದೇಹಕ್ಕೆ ಹರಿಸಿದ ನೀರು ಕಾಲಲ್ಲಿ ಬಾವಾಗಿ, ಎದೆಯಲ್ಲಿ ಗೊರಗೊರ ಸದ್ದಾಗಿ ತೊಂದರೆ ಕೊಡುವುದೇ ಹೆಚ್ಚು. ರೋಗ ಮುಗಿಸುತ್ತಿರುವ ಜೀವಕ್ಕೆ ಹಸಿವು ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಕೂತು ವಿವರಿಸಿ, ಚಮಚದಲ್ಲಿ ತುಟಿ ತೋಯಿಸುವ ಕೆಲಸವನ್ನು ಮಗಳ ಕೈಗೆ ಕೊಡುವುದೂ ಚಿಕಿತ್ಸೆಯೇ. ಇದಕ್ಕೆ ಯಂತ್ರ ಬೇಡ, ತರಬೇತಿ ಮತ್ತು ಸಮಯ ಬೇಕು.

ಈ ದೇಶದಲ್ಲಿ ದಯಾಮರಣದ ಚರ್ಚೆ ಹುಟ್ಟಿಸಿದ ಪ್ರಕರಣವೇ ಇದಕ್ಕೆ ಸಾಕ್ಷಿ. ಹೊನ್ನಾವರ ತಾಲ್ಲೂಕಿನ ಹಳದಿಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರಲ್ಲಿ ತಮ್ಮ ಮೇಲೆ ನಡೆದ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಮೇಲೇಳಲಿಲ್ಲ. ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2011ರ ತೀರ್ಪನ್ನು ನಾವು ನೆನೆಯುವುದು ನಿಷ್ಕ್ರಿಯ ದಯಾಮರಣಕ್ಕೆ, ಅಂದರೆ ಜೀವ ಹಿಡಿದಿಟ್ಟ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ, ಬಾಗಿಲು ತೆರೆದದ್ದಕ್ಕಾಗಿ. ಆದರೆ ಅವರಿಗೆ ದಯಾಮರಣ ಕೊಡಬೇಕೆಂಬ ಕೋರಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಪಾಳಿ ಹಂಚಿಕೊಂಡು ಅವರನ್ನು ಸಾಕಿದ ದಾದಿಯರೇ ಬೇಡವೆಂದರು. ಅಷ್ಟು ದಶಕ ಹಾಸಿಗೆ ಹಿಡಿದರೂ ಆ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲ. ಆ ಬದುಕು ಅಷ್ಟು ಕಾಲ ಮುಂದುವರಿಯಬೇಕಿತ್ತೇ ಎಂಬುದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆದರೆ ವಾರಗಟ್ಟಲೆ ಮಲಗಿದ ಎಷ್ಟೋ ರೋಗಿಗಳ ಬೆನ್ನು ಕೊಳೆಯುವುದನ್ನು ನೋಡುವಾಗ, ಅದು ವಿಧಿಯಲ್ಲ, ಆರೈಕೆಯ ಕೊರತೆ ಎಂದು ಹೇಳಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಈ ಆರೈಕೆಗೆ ಬೇಕಾದ ಮಾರ್ಫಿನ್ ಬಗ್ಗೆ ಭಯಗಳಿವೆ. ಅದರಲ್ಲಿ ಕಾನೂನಿನ ಪಾಲೂ ಇದೆ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ, ಹಲವು ಇಲಾಖೆಗಳ ಪರವಾನಗಿ ಮತ್ತು ಜೈಲಿನ ಹೆದರಿಕೆಗೆ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಮುಂದಿನ ಹನ್ನೆರಡು ವರ್ಷಗಳಲ್ಲಿ ದೇಶದಲ್ಲಿ ಅದರ ಬಳಕೆ ಶೇ 90ಕ್ಕೂ ಹೆಚ್ಚು ಕುಸಿಯಿತು. ಮಾರ್ಫಿನ್‌ನ ಮೂಲವಾದ ಅಫೀಮನ್ನು ಔಷಧಕ್ಕೆಂದೇ ಬೆಳೆದು ಹೊರದೇಶಕ್ಕೆ ಮಾರುವ ನಾಡಿನಲ್ಲಿ ನಮ್ಮದೇ ರೋಗಿಗಳು ನರಳಿದರು. 2014ರ ತಿದ್ದುಪಡಿ ಒಂದೇ ಪ್ರಾಧಿಕಾರದ ಅನುಮತಿ ಸಾಕೆಂದಿತು. ಕಾಯ್ದೆ ಸಡಿಲವಾದರೂ ಅಂಜಿಕೆ ಸಡಿಲವಾಗಿಲ್ಲ. ಚಟ ಹಿಡಿಯುತ್ತದೆ ಎನ್ನುವವರಿಗೆ ನನ್ನ ಉತ್ತರ: ದುರ್ಬಳಕೆಯ ಅಪಾಯ ನಿಜ, ಅದಕ್ಕಾಗಿಯೇ ಲೆಕ್ಕದ ಪುಸ್ತಕ, ತರಬೇತಿ ಪಡೆದ ವೈದ್ಯ, ಬೀಗ ಹಾಕಿದ ಬೀರು ಬೇಕು, ಕ್ಯಾನ್ಸರ್ ನೋವಿಗೆ ಅಳತೆಯಲ್ಲಿ ಬಾಯಿಗೆ ಕೊಡುವ ಮಾತ್ರೆ ಚಟವಾಗುವುದು ಅಪರೂಪ. ನೋವು ಕಳೆಯುವ ಇಂಥ ಆರೈಕೆ ಆಯುಷ್ಯ ಕಡಿಮೆ ಮಾಡುತ್ತದೆ ಎನ್ನುವವರು 2010ರಲ್ಲಿ ಪ್ರಕಟವಾದ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅಧ್ಯಯನವನ್ನು ಗಮನಿಸಬೇಕು. ಹರಡಿದ ಶ್ವಾಸಕೋಶ ಕ್ಯಾನ್ಸರ್‌ನ 151 ರೋಗಿಗಳಲ್ಲಿ, ಮೊದಲಿನಿಂದಲೇ ಉಪಶಮನ ಆರೈಕೆಯನ್ನೂ (ನೋವು, ಸಂಕಟ ತಗ್ಗಿಸುವ ಆರೈಕೆ) ಪಡೆದವರು ಕೊನೆಯಲ್ಲಿ ಕಠಿಣ ಚಿಕಿತ್ಸೆಗೆ ಒಳಗಾದದ್ದು ಕಡಿಮೆ, ಆದರೂ ಬದುಕಿದ್ದು ಹೆಚ್ಚು: ಮಧ್ಯಮಾಂಕ 11.6 ತಿಂಗಳು, ಉಳಿದವರದು 8.9. ಒಂದೇ ಅಧ್ಯಯನವನ್ನು ಎಲ್ಲ ರೋಗಕ್ಕೂ ಹೊಂದಿಸಬಾರದು. ಆದರೆ ಈ ಆರೈಕೆ ಎಂದರೆ ಸಾವನ್ನು ಬೇಗ ಕರೆಯುವುದು ಎಂಬ ಮಾತಿಗೆ ಅಲ್ಲಿ ಆಧಾರ ಸಿಗುವುದಿಲ್ಲ.

ಗುಣವಾಗುವ ರೋಗಕ್ಕೇ ಹಾಸಿಗೆ ಸಾಲದಿರುವಾಗ ಈ ಆರೈಕೆಗೆ ಹಣ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಈಗ ಖರ್ಚಾಗುತ್ತಿರುವುದು ಎಲ್ಲಿ? ಹೊಲ ಒತ್ತೆಯಿಟ್ಟು, ಚಿನ್ನ ಮಾರಿ, ಫಲವಿಲ್ಲದ ಕೊನೆಯ ವಾರಕ್ಕೆ ಕುಟುಂಬಗಳು ಸುರಿಯುವ ದುಡ್ಡಿನಲ್ಲಿ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ದಾನದ ಬಲದಲ್ಲೇ ಕೊನೆಗಾಲದ ರೋಗಿಗಳಿಗೆ ಉಚಿತ ಸೇವೆ ಕೊಡುತ್ತಿವೆ, ಆದರೆ ಯಾದಗಿರಿಯ ರೋಗಿಯನ್ನು ಅಲ್ಲಿಗೆ ಸಾಗಿಸುವುದೇ ಹಿಂಸೆ. ಕೇರಳ ಬೇರೆ ದಾರಿ ಹಿಡಿಯಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಕಟ್ಟಿದ ಉಪಶಮನ ಆರೈಕೆಯ ಸಂಘದಿಂದ ಊರೂರಿನ ಸ್ವಯಂಸೇವಕರ ಜಾಲ ಬೆಳೆಯಿತು. 2008ರಲ್ಲಿ ಸರ್ಕಾರ ನೀತಿ ರೂಪಿಸಿ ಪಂಚಾಯಿತಿಗಳ ಮೂಲಕ ದಾದಿಯರನ್ನು ಮನೆಬಾಗಿಲಿಗೆ ಕಳಿಸಿತು. ನಮ್ಮಲ್ಲೂ ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗುತ್ತಾರೆ. ಗೌರವಧನಕ್ಕೇ ಧರಣಿ ಕೂರಬೇಕಾದ ಅವರ ಹೆಗಲಿಗೆ ಇದನ್ನೂ ಹೇರಬೇಕೆಂದು ನಾನು ಹೇಳುತ್ತಿಲ್ಲ. ರೋಗಿ ಎಲ್ಲಿದ್ದಾನೆಂದು ಅವರು ತಿಳಿಸಿದರೆ, ಹೋಗಿ ನೋಡಲು ತಾಲ್ಲೂಕಿಗೊಬ್ಬರು ತರಬೇತಿ ಪಡೆದ ದಾದಿ, ಒಂದು ವಾಹನ ಬೇಕು.

ಇನ್ನು ರೋಗಿಗೆ ಸತ್ಯ ತಿಳಿಸುವ ಬಗ್ಗೆ ಕುಟುಂಬದ ಒಂದು ಆಕ್ಷೇಪವಿದೆ: ‘ಅಪ್ಪನಿಗೆ ಹೇಳಬೇಡಿ, ಎದೆ ಒಡ್ಕೋತಾರೆ.’ ಆ ಕಾಳಜಿ ಸುಳ್ಳಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಮುಖಕ್ಕೆ ಹೇಳಿಬಿಡುವುದೂ ಸರಿಯಲ್ಲ. ಆದರೆ ಹೆಚ್ಚಿನ ರೋಗಿಗಳಿಗೆ ತಮ್ಮ ದೇಹದಿಂದಲೇ ಗೊತ್ತಾಗಿರುತ್ತದೆ; ಮನೆಯವರು ನೊಂದಾರೆಂದು ಅವರೂ ಸುಮ್ಮನಿರುತ್ತಾರೆ. ಸುತ್ತೋಲೆ ಆರೋಗ್ಯವಾಗಿರುವಾಗಲೇ ಮುಂಗಡ ಇಚ್ಛಾಪತ್ರ ಬರೆದು, ಮುಂದೆ ತಮ್ಮ ಪರವಾಗಿ ಚಿಕಿತ್ಸೆಯ ನಿರ್ಧಾರ ಮಾಡುವ ಇಬ್ಬರನ್ನು ಹೆಸರಿಸಲು ಅವಕಾಶ ಕೊಟ್ಟಿದೆ. ಆದರೆ ರೋಗಿಗೆ ತನ್ನ ಸ್ಥಿತಿಯೇ ಗೊತ್ತಿಲ್ಲದ ಮನೆಯಲ್ಲಿ ಆ ಪತ್ರಕ್ಕೆ ಸಹಿ ಬೀಳುವುದಿಲ್ಲ. ‘ನಿಮಗೆ ಎಷ್ಟು ತಿಳಿಯಬೇಕು?’ ಎಂದು ಮೊದಲು ಕೇಳುವುದನ್ನು, ಅವರು ಬೇಡವೆಂದರೆ ಅಲ್ಲಿಗೇ ನಿಲ್ಲಿಸುವುದನ್ನು ವೈದ್ಯರು ಕಲಿಯಬೇಕು. ಸುತ್ತೋಲೆ ಹೊರಡಿಸಿದ ಇಲಾಖೆಯೇ ಈಗ ಮುಂದಿನ ಆದೇಶ ಹೊರಡಿಸಬೇಕು: ಪ್ರತಿ ತಾಲ್ಲೂಕು ಆಸ್ಪತ್ರೆಗೂ ಮಾರ್ಫಿನ್ ಇಡಲು ಮಾನ್ಯತೆ, ಅದನ್ನು ಬರೆಯಲು ಹೆದರದ ವೈದ್ಯರು, ಮನೆಭೇಟಿಗೆ ದಾದಿ, ಮತ್ತು ಇವು ನಿಜಕ್ಕೂ ಇವೆಯೇ ಎಂದು ಪ್ರತಿ ವರ್ಷ ಜಿಲ್ಲಾವಾರು ಪ್ರಕಟವಾಗುವ ಲೆಕ್ಕ.