ವಾಲಿದ ಪಿಕಪ್‌ಗೆ ಪ್ಲೇಟೊಂದೇ ಮದ್ದಲ್ಲ

ಕೊಯ್ಲು ಹತ್ತಿರ ಬಂತೆಂದರೆ ನಮ್ಮಲ್ಲಿ ಅನೇಕರು ಪಿಕಪ್‌ನ ಹಿಂದಿನ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟ್ ಹಾಕಿಸುತ್ತೇವೆ. ಗಾಡಿ ಎತ್ತರವೇನೋ ಆಗುತ್ತದೆ. ಕೆಲವೊಮ್ಮೆ ಒಂದು ಕಡೆಗೆ ವಾಲಿಯೂ ನಿಲ್ಲುತ್ತದೆ. ಆಗ ವಾಲಿದ ಬದಿಗೆ ಮಾತ್ರ ಇನ್ನೊಂದು ಪ್ಲೇಟ್ ಸೇರಿಸುವುದು ರೂಢಿ. ಇದು ತಪ್ಪೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಎರಡು ಬದಿಯ ಬಿಗುವು ಬೇರೆಯಾದರೆ, ಖಾಲಿಯಿದ್ದಾಗ ನೇರ ಕಂಡ ಗಾಡಿ ಹೇರು ಬಿದ್ದಾಗ ಘಟ್ಟದ ತಿರುವಿನಲ್ಲಿ ಮತ್ತೆ ವಾಲೀತು.

ಮೊದಲು ಖಾಲಿ ಗಾಡಿಯನ್ನು ಕಾಫಿ ಕಣದಂತಹ ಸಮತಟ್ಟಿನಲ್ಲಿ ನಿಲ್ಲಿಸಿ, ಟೈರುಗಳ ಗಾಳಿ ಸಮ ಮಾಡಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ಬಳಿಕ ಪ್ಲೇಟುಗಳ ಸಂಖ್ಯೆ, ದಪ್ಪ, ನಡುವಿನ ಬೋಲ್ಟು ನೋಡಿ. ಚಕ್ರ ನೇತಾಡುವಾಗಲೇ ಬುಷ್ ಬೋಲ್ಟು ಬಿಗಿದಿದ್ದರೆ ರಬ್ಬರು ತಿರುಚಿಕೊಂಡಿರುತ್ತದೆ; ಸಡಿಲಿಸಿ, ಗಾಡಿಯನ್ನು ನೆಲಕ್ಕಿಳಿಸಿದ ಮೇಲೆ ಬಿಗಿಸಬೇಕು. ಆಗಲೂ ಸರಿಹೋಗದಿದ್ದರೆ ಎಡಬಲದ ಸ್ಪ್ರಿಂಗು ಅದಲುಬದಲು ಮಾಡಿಸಿ. ಗಾಡಿ ಇನ್ನೊಂದು ಬದಿಗೆ ವಾಲಿದರೆ ದೋಷ ಸ್ಪ್ರಿಂಗಿನದು. ಇಲ್ಲವಾದರೆ ಚಾಸಿಸ್‌ನದೋ ಮುಂಭಾಗದ್ದೋ.

ಪ್ಲೇಟು ಹೆಚ್ಚಿದ ಮಾತ್ರಕ್ಕೆ ಬ್ರೇಕು, ಆಕ್ಸಲ್‌ಗಳ ಶಕ್ತಿಯಾಗಲಿ ಆರ್.ಸಿ.ಯಲ್ಲಿನ ತೂಕವಾಗಲಿ ಹೆಚ್ಚದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅಧಿಕ ಭಾರಕ್ಕೆ ದಂಡ 20,000 ರೂಪಾಯಿ. ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ನಾಲ್ಕು ಮೂಟೆ ಕಡಿಮೆ ಹೇರಿ ಎರಡು ಸಲ ಹೋಗುವುದೇ ಲೇಸು. ಸ್ಟಿಯರಿಂಗ್ ಹಿಡಿದಿರುವವನು ನಮ್ಮ ಮನೆಯ ಹುಡುಗನೇ ಎಂಬುದನ್ನು ಮರೆಯದಿರೋಣ.