ನಡುಗಡ್ಡೆಯ ನೆರೆ, ಮಲೆಯ ಗದ್ದೆ

ಮೈಸೂರಿನ ಕಾರಂಜಿ, ಕುಕ್ಕರಹಳ್ಳಿ ಕೆರೆಗಳ ಮೇಲೆ ಹಾರುವ ಕೊಕ್ಕರೆ, ಹೆಜ್ಜಾರ್ಲೆಗಳಿಗೂ ಊರಾಚೆಯ ರಂಗನತಿಟ್ಟಿಗೂ ಹಳೆಯ ನಂಟು. 17ನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರು ಅರಸರು ಕಾವೇರಿಗೆ ಅಡ್ಡಲಾಗಿ ಕಟ್ಟೆ ಹಾಕಿಸಿದಾಗ ರೂಪುಗೊಂಡ ಈ ನಡುಗಡ್ಡೆಗಳು, ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದವು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಾಜ್ಯದ ಮೊದಲ ತಾಣವೂ ಇದೇ. ಆ ಮನ್ನಣೆಗೆ ನೆರೆಯನ್ನು ತಡೆಯುವ ಶಕ್ತಿಯಿಲ್ಲ.

2018 ಮತ್ತು 2019ರ ಮಳೆಗಾಲಗಳಲ್ಲಿ ಕೃಷ್ಣರಾಜಸಾಗರದಿಂದ ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಹರಿದಾಗ ನಡುಗಡ್ಡೆಗಳು ಮುಳುಗಿದವು, ಮಣ್ಣು ಕೊಚ್ಚಿಹೋಯಿತು. ಬೆಳ್ಳಕ್ಕಿ, ನೀರುಕಾಗೆ, ಬಾಯ್ಕಳಕಗಳು ಮರಿ ಮಾಡುವ ಕಾಲವೂ ಅದೇ. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯ ತುಂಬಲೇ ಇಲ್ಲ. 2025ರಲ್ಲಿ ಅದು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಜೂನ್ ತಿಂಗಳಲ್ಲೇ ತುಂಬಿತು. ಬರದ ವರ್ಷ ಹೊಳೆ ಬತ್ತಿದರೆ ನಡುಗಡ್ಡೆಗೂ ದಡಕ್ಕೂ ನಡುವಿನ ನೀರಿನ ಬೇಲಿ ಕಳಚಿ, ನಾಯಿಗಳಿಗೆ ಗೂಡಿನ ದಾರಿ ಸುಲಭವಾಗುತ್ತದೆ.

ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ತೇವಾಂಶ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಆದ್ದರಿಂದಲೇ ವಾರವಿಡೀ ಸುರಿಯಬೇಕಾದ ಮಳೆ ಒಂದೆರಡು ದಿನಗಳಲ್ಲಿ ಬಿದ್ದು ಮುಗಿಯುವುದು ಹೆಚ್ಚುತ್ತಿದೆ. ಅಂಥ ಮಳೆಯನ್ನು ಇಂಗಿಸುವ ತಾಳ್ಮೆ ಇಳಿಜಾರಿನ ಮಣ್ಣಿಗಿಲ್ಲ. ಮಲೆನಾಡಿನ ಕಣಿವೆಗಳಲ್ಲಿ ಆ ಕೆಲಸ ಮಾಡುತ್ತಿದ್ದುದು ಬದು ಕಟ್ಟಿದ ಭತ್ತದ ಗದ್ದೆ. ಗೇಣುದ್ದ ನೀರು ನಿಂತ ಒಂದು ಎಕರೆ ಗದ್ದೆ ಲಕ್ಷಾಂತರ ಲೀಟರ್ ನೀರನ್ನು ತಡೆದು ನಿಲ್ಲಿಸುತ್ತದೆ. ಆಳು ಸಿಗದೆ, ಭತ್ತದಲ್ಲಿ ಲಾಭವಿಲ್ಲದೆ ಕೊಡಗಿನಲ್ಲಿ ಗದ್ದೆ ಪಾಳು ಬಿದ್ದಿವೆ. ಕೆಲವು ತೋಟ, ನಿವೇಶನಗಳಾಗಿವೆ. ರೈತನನ್ನು ದೂರುವುದು ಸುಲಭ. ಆದರೆ ಆತ ಹಿಡಿದಿಟ್ಟ ನೀರಿಗೆ ಕೆಳಗಿನ ಊರುಗಳು ಎಂದಾದರೂ ಬೆಲೆ ಕಟ್ಟಿದ್ದುಂಟೇ? ಕಾವೇರಿಯನ್ನೇ ಕುಡಿಯುವ ಮೈಸೂರಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಅಣೆಕಟ್ಟೆಯ ಅಧಿಕಾರಿಗಳ ಸಂಕಟವೂ ಸುಳ್ಳಲ್ಲ. ಹನಿಹನಿಗೂ ವಾದವಿರುವ ನದಿಯಲ್ಲಿ 124.80 ಅಡಿ ತುಂಬುವ ಮೊದಲೇ ನೀರು ಬಿಡುವ ಧೈರ್ಯ ಯಾರಿಗಿದೆ? ಆದರೂ ಕೊಡಗು, ಹಾಸನಗಳ ಮಳೆಯ ಮುನ್ಸೂಚನೆ ನೋಡಿ, ಜಲಾಶಯದಲ್ಲಿ ಒಂದಿಷ್ಟು ತೆರವು ಉಳಿಸಿಕೊಂಡು, ಹಲವು ದಿನಗಳ ಮೇಲೆ ಹಂಚಿ ನೀರು ಬಿಡುವುದು ಅಸಾಧ್ಯವೇನಲ್ಲ. ಇಂದಿನ ಪರಿಹಾರವಾದ ಮರಳಿನ ಮೂಟೆ ಗಾಯಕ್ಕೆ ಸುತ್ತಿದ ಬಟ್ಟೆಯಷ್ಟೆ. ಮುಂದಿನ ಮುಂಗಾರಿಗೆ ಮೊದಲು ನೀರಾವರಿ ಮತ್ತು ಅರಣ್ಯ ಇಲಾಖೆಗಳು ಒಂದೇ ಮೇಜಿನಲ್ಲಿ ಕುಳಿತು ನೀರು ಬಿಡುವ ವೇಳಾಪಟ್ಟಿಯನ್ನು ಸಿದ್ಧಪಡಿಸಬೇಕು; ಬೇಸಿಗೆಯಲ್ಲಿ ಬರಿಬಂಡೆಯ ಮೇಲೆ ಮೊಟ್ಟೆಯಿಡುವ ನದಿ ರೀವಗಳ ತಿಂಗಳುಗಳೂ ಅದರಲ್ಲಿರಬೇಕು.