ಕೀಮನ್ ಹೇಳಿದ್ದೊಂದು, ಕಡತ ಬರೆದದ್ದೊಂದು

2023ರ ಜೂನ್ ತಿಂಗಳಲ್ಲಿ ನಮ್ಮ ಸಂಘದ ಸಭಾಗೃಹದಲ್ಲಿ ನಡೆದ ಸಂತಾಪ ಸಭೆ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಆ ತಿಂಗಳ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಮೂರು ಗಾಡಿಗಳು ಅಪ್ಪಳಿಸಿ 290ಕ್ಕೂ ಹೆಚ್ಚು ಜನ ಸತ್ತಿದ್ದರು. ಅವುಗಳಲ್ಲೊಂದು ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿ. ಎರಡು ನಿಮಿಷಗಳ ಮೌನಾಚರಣೆಯ ನಂತರ ನಾವು ಒಂದು ಠರಾವನ್ನು ಅಂಗೀಕರಿಸಿದೆವು. ತಪ್ಪಿತಸ್ಥರನ್ನು ಪತ್ತೆಹಚ್ಚಿ ಅತ್ಯುಗ್ರ ಶಿಕ್ಷೆಗೆ ಗುರಿಪಡಿಸಬೇಕು ಎಂಬುದು ಅದರ ತಿರುಳು. ವಿರೋಧ ಯಾರದೂ ಇರಲಿಲ್ಲ. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಮೂರು ದಶಕಗಳ ಕಾಲ ರೈಲ್ವೆಯ ಅನ್ನ ಉಂಡು, ಅಪಘಾತಗಳ ವಿಚಾರಣಾ ತಂಡಗಳಿಗೆ ಹಲವು ಸಲ ಮುಖ್ಯಸ್ಥನಾಗಿದ್ದು ನಿವೃತ್ತನಾದ ನನಗೆ ಆ ಠರಾವಿನಲ್ಲಿ ಏನು ತಪ್ಪಿದೆ ಎಂಬುದು ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಆದರೂ ಎತ್ತಿದೆ. ಶೋಕದ ಸಭೆಯಲ್ಲಿ ಭಿನ್ನಸ್ವರ ತೆಗೆಯುವುದು ಅಸಭ್ಯತೆ ಎಂದುಕೊಂಡೆನೋ, ಅಥವಾ ಹಳೆಯ ಅಭ್ಯಾಸಬಲವೋ, ಈಗ ಹೇಳಲಾರೆ.

ನನ್ನ ತಕರಾರು ಇಷ್ಟು: ನಮ್ಮ ದೇಶದಲ್ಲಿ ರೈಲು ಅಪಘಾತದ ವಿಚಾರಣೆ ‘ಯಾರು’ ಎಂಬ ಪ್ರಶ್ನೆಯಿಂದ ಹೊರಟು ಆ ಪ್ರಶ್ನೆಗೆ ಉತ್ತರ ಸಿಕ್ಕ ಕ್ಷಣ ನಿಂತುಬಿಡುತ್ತದೆ. ‘ಏಕೆ’ ಎಂದು ಕೇಳುವ ಹೊತ್ತಿಗೆ ಕಡತ ಮುಚ್ಚಿರುತ್ತದೆ. ವಿಚಾರಣೆಯ ಮುಖ್ಯಸ್ಥನ ಕುರ್ಚಿಯಲ್ಲಿ ಕುಳಿತವನು ಆ ಮನೆಯವನೇ ಆಗಿರುವವರೆಗೆ ಇದು ಹೀಗೆಯೇ ಇರುತ್ತದೆ. ಮತ್ತು ‘ಶಿಕ್ಷಿಸಿ, ಶಿಕ್ಷಿಸಿ’ ಎಂದು ಹೊರಗಿನಿಂದ ಕೂಗುವ ನಾವು, ಅರಿಯದೆಯೇ, ಆ ಮನೆಯ ಯಜಮಾನರಿಗೆ ಸಹಾಯ ಮಾಡುತ್ತಿರುತ್ತೇವೆ.

ಇದನ್ನು ನಾನು ಗ್ರಂಥ ಓದಿ ಕಲಿತದ್ದಲ್ಲ. 1980ರ ದಶಕದ ಕೊನೆಯಲ್ಲಿ, ಕರ್ನಾಟಕದ ಹೊರಗಿನ ಒಂದು ವಿಭಾಗದಲ್ಲಿ ನಾನು ಸುರಕ್ಷತಾ ಅಧಿಕಾರಿಯಾಗಿದ್ದಾಗ ಒಂದು ಸರಕು ಗಾಡಿ ಹಳಿ ತಪ್ಪಿತು. ಹದಿಮೂರು ವ್ಯಾಗನ್‌ಗಳು ಮಗುಚಿದವು. ಸಾವು ಸಂಭವಿಸಿರಲಿಲ್ಲವಾದ್ದರಿಂದ ಅದು ಇಲಾಖೆಯೊಳಗಿನ ವಿಚಾರಣೆ. ಸಂಚಾರ, ಹಳಿ, ಯಂತ್ರ, ಸಿಗ್ನಲ್, ಈ ನಾಲ್ಕು ಶಾಖೆಗಳ ಅಧಿಕಾರಿಗಳ ಸಮಿತಿಗೆ ನಾನು ಮುಂದಾಳು.

ಇಂಥ ಸ್ಥಳದಲ್ಲಿ ಮೊದಲು ಆಗಬೇಕಾದ ಕೆಲಸ ಅಳತೆ. ಗಾಲಿಯ ಅಂಚು ಹಳಿಯ ಮೇಲೇರಿದ ಗುರುತು ಎಲ್ಲಿದೆ, ಹತ್ತಿ ಎಷ್ಟು ದೂರ ಓಡಿ ಎಲ್ಲಿ ಕೆಳಗೆ ಬಿತ್ತು ಎಂಬುದನ್ನು ಹುಡುಕಬೇಕು. ಏರಿದ ಜಾಗವನ್ನು ಸೊನ್ನೆಯೆಂದು ಹಿಡಿದು, ಹಿಂದಕ್ಕೆ ಮೂರು ಮೂರು ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆದು, ಎರಡು ಹಳಿಗಳ ನಡುವಿನ ಅಂತರವನ್ನೂ ಮಟ್ಟದ ವ್ಯತ್ಯಾಸವನ್ನೂ ಬರೆದುಕೊಳ್ಳಬೇಕು. ಗಾಲಿಗಳ ಸವೆತ ಅಳೆಯಬೇಕು, ಇಂಜಿನ್ನಿನ ವೇಗದ ಪಟ್ಟಿಯನ್ನು ಕಿತ್ತು ಮೊಹರು ಮಾಡಬೇಕು. ಇದೆಲ್ಲ ಸಾವಧಾನದ ಕೆಲಸ. ಆದರೆ ಅಲ್ಲಿ ಸಾವಧಾನವೆಂಬುದು ಎಲ್ಲಿಯದು! ಕ್ರೇನು ಬಂದು ನಿಂತಿರುತ್ತದೆ. ಮಾರ್ಗ ಎಷ್ಟು ಗಂಟೆಗೆ ತೆರೆಯುತ್ತದೆಂದು ಅರ್ಧ ಗಂಟೆಗೊಮ್ಮೆ ದೂರವಾಣಿ ಬರುತ್ತದೆ. ಸಾಕ್ಷ್ಯವಾಗಬೇಕಾದ ಹಳಿಯ ತುಂಡುಗಳು ಕಣ್ಣೆದುರೇ ಬದಿಗೆ ಎಸೆಯಲ್ಪಡುತ್ತವೆ. ಇದರ ನಡುವೆ ನಾಲ್ಕೂ ಶಾಖೆಗಳ ಮೇಲ್ವಿಚಾರಕರು ಕೂಡಿ ಒಂದು ಜಂಟಿ ಟಿಪ್ಪಣಿ ಬರೆಯಬೇಕು. ಜಂಟಿ ಎಂಬುದು ಹೆಸರಿಗೆ ಮಾತ್ರ. ಹಳಿಯವನು ಗಾಲಿಯ ಕಡೆ ಬೆರಳು ತೋರುತ್ತಾನೆ, ಗಾಲಿಯವನು ಹಳಿಯ ಕಡೆ, ಇಬ್ಬರೂ ಸೇರಿ ಚಾಲಕನ ಕಡೆ. ಒಂದು ಅಳತೆಗೆ ಮೂರು ಭಿನ್ನಮತದ ಟಿಪ್ಪಣಿಗಳು ಸೇರಿಕೊಂಡದ್ದನ್ನು ನಾನು ಕಂಡಿದ್ದೇನೆ.

ಆ ವಿಚಾರಣೆಯಲ್ಲಿ ಸಾಕ್ಷಿಯಾಗಿ ಬಂದವನೊಬ್ಬ ಕೀಮನ್. ದಿನವೂ ತನ್ನ ಸರಹದ್ದಿನ ಹಳಿಯುದ್ದಕ್ಕೂ ಸುತ್ತಿಗೆ ಹಿಡಿದು ನಡೆದು, ಸಡಿಲಾದ ಕೀಲಿಗಳನ್ನು ಬಡಿದು ಬಿಗಿಮಾಡುವುದು ಅವನ ಕೆಲಸ. ವಿಜಾಪುರ ಜಿಲ್ಲೆಯ ಕಡೆಯವನು. ಹಿಂದಿ ಅರೆಬರೆ, ಇಂಗ್ಲಿಷ್ ಇಲ್ಲವೇ ಇಲ್ಲ. ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಇಂದಿಗೂ ಇದೆ: “ಕೀಲಿ ನಿಂದ್ರವಲ್ದು ಸಾಹೇಬ್ರ. ಬಡದು ಮುಂದ ಹೋದ್ರ, ಒಂದ್ ಗಾಡಿ ಹಾದು ಹೋಗೂದ್ರಾಗ ಮತ್ತ ಹೊರಗ ಬಂದಿರ್ತೈತಿ. ಸ್ಲೀಪರೇ ಸವದಾವು. ಮೇಸ್ತ್ರಿಗೂ ಹೇಳೀನಿ, ಮ್ಯಾಲಿನವರಿಗೂ ಹೇಳೀನಿ.” ಗುಮಾಸ್ತರ ಕೈಯಲ್ಲಿ ಇದು ಇಂಗ್ಲಿಷಾಗಿ ಹೊರಬಂದಾಗ, ತನ್ನ ಸರಹದ್ದಿನಲ್ಲಿ ಕೀಲಿಗಳು ಸಡಿಲವಾಗಿದ್ದುದು ತನ್ನ ಗಮನದಲ್ಲಿತ್ತೆಂದು ಸಾಕ್ಷಿ ಒಪ್ಪಿಕೊಂಡಿದ್ದಾನೆ ಎಂದಾಗಿತ್ತು. ಸುಳ್ಳು ಎನ್ನುವಂತಿಲ್ಲ. ಆದರೆ ದೂರು ಕೊಟ್ಟವನು ತಪ್ಪೊಪ್ಪಿಕೊಂಡವನಾಗಿದ್ದ. ಕೆಳಗೆ ಅವನು ಹೆಬ್ಬೆಟ್ಟು ಒತ್ತಿದ. ಆ ಕೋಣೆಯಲ್ಲಿ ಕನ್ನಡ ಬಲ್ಲ ಅಧಿಕಾರಿ ನಾನೊಬ್ಬನೇ.

ನಾನು ಸುಮ್ಮನಿರಲಿಲ್ಲ ಎಂದು ಹೇಳಿಕೊಳ್ಳಲು ಸ್ವಲ್ಪ ಆಧಾರವಿದೆ. ವರದಿಯ ಕರಡಿನಲ್ಲಿ ಒಂದು ಕಂಡಿಕೆ ಸೇರಿಸಿದೆ. ಹಳಿ ದುರಸ್ತಿಗಾಗಿ ಗಾಡಿಗಳನ್ನು ಕೆಲ ಗಂಟೆ ತಡೆದು ಕೊಡುವ ಅವಧಿಯನ್ನು ನಾವು ‘ಬ್ಲಾಕ್’ ಎನ್ನುತ್ತೇವೆ. ಆ ಭಾಗದ ಹಳಿಯವರು ಎರಡು ತಿಂಗಳಲ್ಲಿ ಆರು ಸಲ ಬ್ಲಾಕ್ ಕೇಳಿದ್ದರು. ನಾಲ್ಕು ಸಲ ಸಿಕ್ಕಿರಲಿಲ್ಲ. ಸಾಗಿಸಬೇಕಾದ ಸರಕಿನ ಗುರಿ ತಲುಪಬೇಕಿತ್ತಲ್ಲ. ಈ ಕಂಡಿಕೆಯನ್ನು ಮೇಲಿನವರು ಓದಿ, ಇದು ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಪೆನ್ಸಿಲಿನಲ್ಲಿ ಗೀಟೆಳೆದರು. ಪೆನ್ಸಿಲಿನಲ್ಲಿ ಏಕೆಂದರೆ ಆಮೇಲೆ ಅಳಿಸಬಹುದು. ನಾನು ಹೊಸದಾಗಿ ಬೆರಳಚ್ಚು ಮಾಡಿಸಿ ಸಹಿ ಹಾಕಿದೆ. ಮುಂದಿನ ಬಡ್ತಿ ಆ ಮೇಲಿನವರ ಕೈಯಲ್ಲೇ ಇತ್ತೆಂದು ಬೇರೆ ಹೇಳಬೇಕಿಲ್ಲ. ಕೀಮನ್‌ನನ್ನು ಕೆಲಸದಿಂದ ತೆಗೆದರು. ಸ್ಲೀಪರುಗಳು ಮತ್ತೂ ಒಂದು ವರ್ಷ ಅಲ್ಲೇ ಇದ್ದವು.

ಒಬ್ಬ ದುರ್ಬಲ ಅಧಿಕಾರಿಯ ಹಳೆಯ ಕಥೆಯನ್ನು ಇಡೀ ವ್ಯವಸ್ಥೆಗೆ ಅಂಟಿಸುವುದು ನ್ಯಾಯವೇ ಎಂದು ಕೇಳಬಹುದು. ಹಾಗಿದ್ದರೆ ನನ್ನ ಕಥೆ ಬಿಡಿ, ಬಹಾನಗಾಕ್ಕೇ ಹೋಗೋಣ.

ಅಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಮಾರ್ಗದ ಹಸಿರು ಸಿಗ್ನಲ್ ಬಿದ್ದಿತ್ತು, ಹಳಿಯ ಕೂಡು ಮಾತ್ರ ಪಕ್ಕದ ಲೂಪ್ ಮಾರ್ಗಕ್ಕೆ ತಿರುಗಿತ್ತು. ಲೂಪ್‌ನಲ್ಲಿ ಕಬ್ಬಿಣದ ಅದಿರಿನ ಗಾಡಿ ನಿಂತಿತ್ತು. ಸಿಗ್ನಲ್ ಒಂದು ಹೇಳಿ ಹಳಿ ಇನ್ನೊಂದು ಮಾಡದಂತೆ ತಡೆಯುವುದಕ್ಕೆಂದೇ ಇರುವ ‘ಇಂಟರ್‌ಲಾಕಿಂಗ್’ ವ್ಯವಸ್ಥೆ ಸುಳ್ಳಾಡಿತ್ತು. ರೈಲ್ವೆ ಸುರಕ್ಷತಾ ಆಯುಕ್ತರು ಅದೇ ಜೂನ್ 28ರಂದು ವರದಿ ಕೊಟ್ಟರು. ಹಿಂದೆ ಸಿಗ್ನಲ್ ಮಂಡಲದಲ್ಲಿ ಮಾಡಿದ ಬದಲಾವಣೆಯ ಲೋಪ ಮತ್ತು 94ನೆಯ ಸಂಖ್ಯೆಯ ಗೇಟಿನ ವಿದ್ಯುತ್ ತಡೆಗಂಬ ಬದಲಿಸುವಾಗಿನ ಲೋಪ ಎರಡೂ ಸೇರಿ ಹೀಗಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಪೂರ್ಣ ವರದಿಯನ್ನು ಮಾತ್ರ ಆಗ ಪ್ರಕಟಿಸಲಿಲ್ಲ. ಸಿಬಿಐ ತನಿಖೆಯ ಮೇಲೆ ಪ್ರಭಾವ ಬೀರಬಾರದೆಂಬ ಕಾರಣ ಕೇಳಿಬಂತು. ಸಿಬಿಐ ಜುಲೈ 7ರಂದು ಮೂವರು ನೌಕರರನ್ನು ಬಂಧಿಸಿತು. ನಮ್ಮ ಠರಾವು ಫಲಿಸಿತೆನ್ನಿ.

ಆದರೆ ಪತ್ರಿಕೆಗಳ ಕೈಸೇರಿದ ವರದಿಯಲ್ಲಿ ಇನ್ನೊಂದು ಸಂಗತಿಯಿತ್ತು. ಅದೇ ಖರಗ್‌ಪುರ ವಿಭಾಗದ ಬಾಂಕ್ಡಾನಯಾಬಾಜ್ ನಿಲ್ದಾಣದಲ್ಲಿ 2022ರ ಮೇ 16ರಂದು ತಪ್ಪು ತಂತಿ ಜೋಡಣೆಯಿಂದ ಇಂಥದೇ ಘಟನೆ ನಡೆದಿತ್ತು. ಆಗಲೇ ಎಚ್ಚೆತ್ತು ಸರಿಪಡಿಸಿದ್ದರೆ ಬಹಾನಗಾದ ದುರಂತ ಆಗುತ್ತಿರಲಿಲ್ಲವೆಂದು ಆಯುಕ್ತರೇ ಬರೆದಿದ್ದರು. ಇನ್ನೊಂದು ಎಚ್ಚರಿಕೆ ನಮ್ಮ ನಾಡಿನದೇ. 2023ರ ಫೆಬ್ರವರಿ 8ರಂದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಾಗ ಹಳಿ ತಪ್ಪು ದಾರಿಗೆ ತಿರುಗಿಕೊಂಡಿತ್ತು. ಚಾಲಕ ಕಣ್ಣಿಟ್ಟು ನೋಡುತ್ತಿದ್ದುದರಿಂದ ಗಾಡಿ ನಿಂತಿತು. ಮರುದಿನವೇ ನೈಋತ್ಯ ರೈಲ್ವೆಯ ಸಂಚಾರ ವಿಭಾಗದ ಮುಖ್ಯಸ್ಥರು, ಸಿಗ್ನಲ್ ನಿರ್ವಹಣೆಯಲ್ಲಿ ಗಂಭೀರ ದೋಷವಿದೆ, ತಿದ್ದದಿದ್ದರೆ ಭೀಕರ ಅಪಘಾತವಾದೀತು ಎಂದು ಪತ್ರ ಬರೆದರು. ನಾಲ್ಕು ತಿಂಗಳು ತುಂಬುವುದರೊಳಗೆ ಬಹಾನಗಾ. ಎರಡು ಕಡೆಯ ದೋಷ ಒಂದೇ ಎಂದು ನಾನು ಹೇಳುತ್ತಿಲ್ಲ, ಜಾತಿ ಒಂದೇ. ಹೊಸದುರ್ಗದಲ್ಲಿ ಯಾರೂ ಸಾಯದಿದ್ದುದರಿಂದ ಅದು ದೇಶಕ್ಕೆ ಸುದ್ದಿಯಾಗಲಿಲ್ಲ, ನಾವೂ ಸಭೆ ಸೇರಲಿಲ್ಲ. ಬಂಧಿತರಾದ ಮೂವರಲ್ಲಿ ಯಾರ ಪಾಲು ಎಷ್ಟೋ ನ್ಯಾಯಾಲಯ ಹೇಳಲಿ. ಒಂದು ವರ್ಷದ ಹಿಂದಿನ ಪಾಠ ಒಂದೇ ವಿಭಾಗದ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಏಕೆ ಮುಟ್ಟಲಿಲ್ಲ ಎಂಬುದಕ್ಕೆ ಯಾವ ನ್ಯಾಯಾಲಯವೂ ಉತ್ತರ ಹೇಳುವುದಿಲ್ಲ. ಅದು ವಿಚಾರಣಾ ತಂಡದ ಕೆಲಸ.

1988ನೆಯ ಇಸವಿಯ ಎರಡು ಅಪಘಾತಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆ ವರ್ಷ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟಿದ್ದ ಐಲೆಂಡ್ ಎಕ್ಸ್‌ಪ್ರೆಸ್ ಕೇರಳದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿತ್ತು. 105 ಜನ ಸತ್ತರು. ಸುಂಟರಗಾಳಿ ಬಂದು ಗಾಡಿಯನ್ನು ಎತ್ತಿಹಾಕಿತೆಂದು ಅಧಿಕೃತ ವಿಚಾರಣೆ ಹೇಳಿತು. ದಡದಲ್ಲಿದ್ದ ಊರವರು ಅಂಥ ಗಾಳಿ ಕಾಣೆವೆಂದರು, ಇಂದಿಗೂ ನಂಬಿಲ್ಲ. ಅದೇ ವರ್ಷ ಡಿಸೆಂಬರ್ 12ರ ಬೆಳಿಗ್ಗೆ ಲಂಡನ್ನಿನ ಕ್ಲಾಪಮ್ ಜಂಕ್ಷನ್ ಬಳಿ ಗಾಡಿಗಳು ಡಿಕ್ಕಿಯಾಗಿ 35 ಜನ ಸತ್ತರು. ಹೊಸ ತಂತಿ ಹಾಕಿದ ಕುಶಲಕರ್ಮಿಯೊಬ್ಬ ಹಳೆಯ ತಂತಿಯ ತುದಿಯನ್ನು ಕತ್ತರಿಸದೆ ಬಿಟ್ಟಿದ್ದ, ಅದು ತಾಗಿ ಕೆಂಪಾಗಬೇಕಿದ್ದ ಸಿಗ್ನಲ್ ಕೆಂಪಾಗಲಿಲ್ಲ. ‘ಯಾರು’ ಎಂಬುದು ಬೇಗನೆ ಗೊತ್ತಾಯಿತು. ವಿಚಾರಣೆಯ ಮುಖ್ಯಸ್ಥರಾದ ನ್ಯಾಯವಾದಿ ಆಂಟನಿ ಹಿಡನ್ ಅವರಿಗೆ ಅದು ಸಾಕೆನಿಸಲಿಲ್ಲ. ಸಾರ್ವಜನಿಕವಾಗಿ ಸಾಕ್ಷ್ಯ ಕೇಳಿದರು. ಆ ಕುಶಲಕರ್ಮಿ 13 ವಾರಗಳಲ್ಲಿ ಒಂದೇ ಒಂದು ದಿನ ರಜೆ ಪಡೆದಿದ್ದನೆಂಬುದು ಹೊರಬಂತು. ಅವನ ಕೆಲಸವನ್ನು ಸ್ವತಂತ್ರವಾಗಿ ಪರೀಕ್ಷಿಸಬೇಕಿದ್ದವರು ಪರೀಕ್ಷಿಸಿರಲಿಲ್ಲ ಎಂಬುದೂ ಹೊರಬಂತು. 1989ರಲ್ಲಿ ವರದಿ ಅಚ್ಚಾಗಿ ಎಲ್ಲರ ಕೈಗೆ ಸಿಕ್ಕಿತು. ಕೆಲಸದ ಗಂಟೆಗಳ ಮೇಲೆ ಮಿತಿ ಬಂತು. ಕಟಕಟೆ ಏರಿದ್ದು ಆ ಕುಶಲಕರ್ಮಿಯಲ್ಲ, ಬ್ರಿಟಿಷ್ ರೈಲ್ ಸಂಸ್ಥೆ. ಎರಡೂವರೆ ಲಕ್ಷ ಪೌಂಡು ದಂಡ ತೆತ್ತಿತು. ಇಂಗ್ಲಿಷರ ಗುಣಗಾನ ನನ್ನ ಉದ್ದೇಶವಲ್ಲ. ಅವರೂ 1999ರಲ್ಲಿ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ 31 ಜೀವ ಕಳೆದುಕೊಂಡ ಮೇಲಷ್ಟೇ, 2005ರಲ್ಲಿ, ರೈಲು ಅಪಘಾತಗಳಿಗೆಂದೇ ಸ್ವತಂತ್ರ ತನಿಖಾ ಶಾಖೆ ಕಟ್ಟಿದರು. ತಪ್ಪು ಹೊರಿಸುವುದು ಅದರ ಕೆಲಸವಲ್ಲವೆಂದು ಕಾನೂನಿನಲ್ಲೇ ಬರೆದರು.

ನಮ್ಮಲ್ಲೂ ಸ್ವತಂತ್ರ ಆಯುಕ್ತರಿದ್ದಾರಲ್ಲ ಎನ್ನುವವರಿದ್ದಾರೆ. ಇದ್ದಾರೆ, ನಿಜ. ರೈಲ್ವೆ ಮಂಡಳಿಯಿಂದ ಈ ಪರಿವೀಕ್ಷಕರನ್ನು 1941ರಲ್ಲೇ ಬೇರ್ಪಡಿಸಲಾಯಿತು. ಇವರು ಈಗ ನಾಗರಿಕ ವಿಮಾನಯಾನ ಸಚಿವಾಲಯದ ಅಧೀನ. ಆದರೆ ಆ ಕುರ್ಚಿಗೆ ಬರುವವರು ರೈಲ್ವೆ ಸೇವೆಯಲ್ಲೇ ಬೆಳೆದವರು. ಅವರ ಶಿಫಾರಸನ್ನು ಒಪ್ಪುವುದು ಬಿಡುವುದು ರೈಲ್ವೆಯ ಚಿತ್ತ. ಸತ್ತವರಿಲ್ಲದ, ಕೈಕಾಲು ಮುರಿಯದ ಅಪಘಾತಗಳಲ್ಲಿ ಬಹುಪಾಲು ಅವರ ಮುಂದೆ ಬರುವುದೂ ಇಲ್ಲ. ನನ್ನಂಥವರ ಸಮಿತಿಗಳ ಮುಂದೆ ಬರುತ್ತವೆ. ನಿಯಮ ಮಾಡುವುದು, ಗಾಡಿ ಓಡಿಸುವುದು, ನಿಯಮ ಪಾಲನೆಯಾಯಿತೇ ಎಂದು ನೋಡುವುದು, ಮೂರೂ ಒಂದೇ ಮಂಡಳಿಯ ಕೈಯಲ್ಲಿವೆ ಎಂದು ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಸ್ಪಷ್ಟವಾಗಿ ಹೇಳಿ, ಶಾಸನಬದ್ಧ ರೈಲ್ವೆ ಸುರಕ್ಷತಾ ಪ್ರಾಧಿಕಾರ ಬೇಕೆಂದು ಸೂಚಿಸಿತು. ಅದೇ ಸಮಿತಿ ಹಳಿ ದಾಟುವಾಗ ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಾರೆ, ಅದರಲ್ಲಿ ಸುಮಾರು 6,000 ಮುಂಬಯಿಯ ಉಪನಗರ ಮಾರ್ಗಗಳಲ್ಲಿ ಎಂದೂ ಲೆಕ್ಕ ಕೊಟ್ಟಿತ್ತು. ಇವು ಯಾವುವೂ ‘ರೈಲು ಅಪಘಾತ’ಗಳಲ್ಲ, ಕಾಗದದ ಮೇಲೆ ಅತಿಕ್ರಮ ಪ್ರವೇಶ. ನಮ್ಮ ನೆರೆಹೊರೆಯವರು ಸತ್ತದ್ದಕ್ಕೆ ವಿಚಾರಣಾ ತಂಡವೇ ಇಲ್ಲ.

ಲಾಲ್ ಬಹಾದ್ದೂರ್ ಶಾಸ್ತ್ರಿಯವರ ರಾಜೀನಾಮೆಯನ್ನು ನೆನೆದು ನಿಟ್ಟುಸಿರಿಡುವುದು ನಮ್ಮ ಸಭೆಗಳಲ್ಲಿ ವಾಡಿಕೆ. ಆ ಮನುಷ್ಯನ ಮೇಲೆ ನನಗೂ ಗೌರವವಿದೆ. ಆದರೆ 1956ರ ಸೆಪ್ಟೆಂಬರಿನಲ್ಲಿ ಮೆಹಬೂಬ್‌ನಗರದ ಬಳಿ ಒಂದು ಸೇತುವೆ ಕುಸಿದಿತ್ತು, ನವೆಂಬರಿನಲ್ಲಿ ಅರಿಯಲೂರಿನಲ್ಲಿ ಇನ್ನೊಂದು. ಸಚಿವರ ರಾಜೀನಾಮೆಯೂ ‘ಯಾರು’ ಎಂಬುದಕ್ಕೇ ಉತ್ತರ, ಉದಾತ್ತವಾದ ಉತ್ತರ ಅಷ್ಟೆ.

ಶಿಕ್ಷೆಯ ಭಯವಿಲ್ಲದಿದ್ದರೆ ಶಿಸ್ತು ಎಲ್ಲಿ ಉಳಿಯುತ್ತದೆ ಎಂದು ಸಂಘದ ಹಿರಿಯರೊಬ್ಬರು ನನ್ನನ್ನು ಕೇಳಿದರು. ಬೇಕೆಂದೇ ಕೆಡುಕು ಮಾಡಿದವನನ್ನು ಪೊಲೀಸರು ಹಿಡಿಯಲಿ, ಬೇಡವೆಂದವರಾರು? ಆದರೆ ನಾನು ತಂಡದ ಮುಖ್ಯಸ್ಥನಾಗಿ ಕುಳಿತ ಕೋಣೆಗಳಲ್ಲಿ, ಪೊಲೀಸರು ಮೊದಲು ಬಂದು ಹೋಗಿದ್ದ ಕಡೆಯಲ್ಲೆಲ್ಲ, ಸಾಕ್ಷಿಗಳು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಿದ್ದರು. ಹೆದರಿದವನು ಸ್ಲೀಪರ್ ಸವೆದಿದೆ ಎಂದು ಹೇಳುವುದಿಲ್ಲ. ನನ್ನ ಕೀಮನ್ ಹೆದರದೆ ಹೇಳಿದ್ದ, ಅದರ ಫಲ ಕಂಡ ಆ ಗ್ಯಾಂಗಿನ ಉಳಿದ ಹನ್ನೊಂದು ಜನ ಮುಂದೆಂದೂ ಹೇಳಿರಲಾರರು.

ಹೊರನಾಡಿನಲ್ಲಿರುವ ನಮ್ಮ ಹಬ್ಬ, ಮದುವೆ, ಸಾವು ಎಲ್ಲವೂ ಈ ಹಳಿಗಳ ಮೇಲೆಯೇ ಸಾಗಬೇಕು. ಆದ್ದರಿಂದ ಮುಂದಿನ ಮಹಾಸಭೆಗೆ ಒಂದು ಠರಾವಿನ ಕರಡನ್ನು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ರೈಲ್ವೆಗೂ ಅದರ ಮಂಡಳಿಗೂ ಸೇರದ ಶಾಸನಬದ್ಧ ತನಿಖಾ ಸಂಸ್ಥೆ ಬೇಕು. ಯಾರೂ ಸಾಯದ ಹೊಸದುರ್ಗದಂಥ ಘಟನೆಗಳೂ ಅದರ ಮುಂದೆ ಬರಬೇಕು. ಪ್ರತಿ ವರದಿಯೂ ಅಪಘಾತ ನಡೆದ ಸೀಮೆಯ ಭಾಷೆಯಲ್ಲಿ ಸಹಿತ ಪ್ರಕಟವಾಗಬೇಕು. ಸಾಕ್ಷಿಯ ಹೇಳಿಕೆಯನ್ನು ಅವನಾಡಿದ ಭಾಷೆಯಲ್ಲೇ ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು ಎಂದು ಅದರಲ್ಲಿದೆ. 2023ರ ನಮ್ಮ ಠರಾವನ್ನು ಹಿಂತೆಗೆದುಕೊಳ್ಳಬೇಕೆಂಬ ಮಾತೂ ಇದೆ, ಅದಕ್ಕೆ ಗದ್ದಲವಾದೀತೆಂದು ಬಲ್ಲೆ. ಸೂಚಕನ ಜಾಗದಲ್ಲಿ ನನ್ನ ಸಹಿ ಇದೆ. ಅನುಮೋದಕರ ಸಾಲು ಇನ್ನೂ ಖಾಲಿಯಿದೆ. ಕರಡು ಸಂಘದ ಕಚೇರಿಯ ಮೇಜಿನ ಮೇಲೆ, ಸಂಜೆ ಆರರಿಂದ ಎಂಟರವರೆಗೆ, ನೋಡಲು ಸಿಗುತ್ತದೆ.